ಅಂಗಳದಿಂದ ಅಳಿವೆಯವರೆಗೆ: ಗಂಡ ಹೆಂಡತಿ ಜೊತೆಗೂಡಿ ಹಕ್ಕಿ ನೋಡುವ ಬಗೆ

ಹಕ್ಕಿ ನೋಡುವ ಹವ್ಯಾಸವನ್ನು ಗಂಡ ಹೆಂಡತಿ ಒಟ್ಟಾಗಿ ಆರಂಭಿಸುವುದರಲ್ಲಿ ಇರುವ ಮುಖ್ಯ ಅನುಕೂಲವೆಂದರೆ, ಒಬ್ಬರು ಕಂಡದ್ದನ್ನು ಇನ್ನೊಬ್ಬರು ಒಪ್ಪಲೇಬೇಕೆಂದಿಲ್ಲ. ಒಬ್ಬಂಟಿಯಾಗಿ ನೋಡುವವರು ಹಾರಿಹೋದ ಹಕ್ಕಿಗೆ ತಮಗೆ ತೋಚಿದ ಹೆಸರು ಕೊಟ್ಟು ಸುಮ್ಮನಾಗಬಹುದು. ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣಿದ್ದರೆ "ಬಾಲ ಕವಲಾಗಿತ್ತೇ?" ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ. ಆ ಪ್ರಶ್ನೆ ಜಗಳಕ್ಕೆ ತಿರುಗದಂತೆ, ಹಾಗೆಂದು ಮೌನದಲ್ಲಿ ಮುಗಿದೂ ಹೋಗದಂತೆ, ನೋಟಕ್ಕೆ ಉಪಯೋಗವಾಗುವ ಹಾಗೆ ಇಬ್ಬರೂ ನಡೆದುಕೊಳ್ಳುವುದು ಹೇಗೆ ಎಂಬುದನ್ನೇ ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಕಾಸರಗೋಡಿನ ಕನ್ನಡದ ಊರುಗಳಲ್ಲಿ ಈ ಹವ್ಯಾಸಕ್ಕೆ ಬೇಕಾದ ನೆಲ ತಾನಾಗಿಯೇ ಒದಗಿಬಂದಿದೆ. ಕುಂಬಳೆ, ಉಪ್ಪಳ, ಮಂಜೇಶ್ವರಗಳ ಕಡಲತೀರ, ಶಿರಿಯ ಮತ್ತು ಚಂದ್ರಗಿರಿ ಹೊಳೆಗಳ ಅಳಿವೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಅಡಕೆ ತೋಟ, ನಡುನಡುವೆ ಮುರಕಲ್ಲಿನ ಪದವು (ಕೆಂಪುಕಲ್ಲಿನ ಎತ್ತರದ ಬಯಲು), ಮೂಡಣಕ್ಕೆ ಘಟ್ಟದ ಬುಡದ ಕಾಡು, ಇವೆಲ್ಲವೂ ಒಂದೇ ಜಿಲ್ಲೆಯೊಳಗೆ ಬರುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ನೆಲೆಸಿ, ಮನೆಯಲ್ಲಿ ಇಬ್ಬರೇ ಉಳಿದಿರುವ ದಂಪತಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಹೆಚ್ಚು ಖರ್ಚಿಲ್ಲದ, ಬೆಳಗಿನ ಕಾಫಿಯ ಹೊತ್ತಿಗೇ ಮುಗಿಸಬಹುದಾದ ಕೆಲಸ ಇದು. ಹೊಸದಾಗಿ ಮದುವೆಯಾದವರಿಗೂ ಅಡ್ಡಿಯಿಲ್ಲ, ಆದರೆ ಬೆಳಿಗ್ಗೆ ಬೇಗ ಏಳಬೇಕಾಗುತ್ತದೆ.

ಮೊದಲ ಹಂತ: ಜಾಗ, ಹೊತ್ತು, ಹತ್ತು ಹಕ್ಕಿ

ಬೈನಾಕ್ಯುಲರ್ ಕೊಳ್ಳುವ ಮೊದಲು ಕುಳಿತುಕೊಳ್ಳುವ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತಿದ್ದರೆ ಎದುರಿನ ಮರದ ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ಕುಳಿತರೆ ಎಲ್ಲ ಹಕ್ಕಿಗಳೂ ಕಪ್ಪು ಆಕೃತಿಗಳಾಗಿಬಿಡುತ್ತವೆ. ಆದ್ದರಿಂದ ಪಶ್ಚಿಮಕ್ಕೆ ಮುಖಮಾಡಿದ ಜಗಲಿ ಬೆಳಿಗ್ಗೆಗೂ, ಪೂರ್ವಕ್ಕೆ ಮುಖಮಾಡಿದ ಹಟ್ಟಿಯ ಬದಿ ಸಂಜೆಗೂ ಒಳ್ಳೆಯದು. ಸೂರ್ಯೋದಯದ ನಂತರದ ಎರಡು ಗಂಟೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗಿನ ಹೊತ್ತು ಹಕ್ಕಿಗಳ ಓಡಾಟ ಹೆಚ್ಚು. ಆಷಾಢದ ಮಳೆಯಲ್ಲಿ ಗಡಿಯಾರ ನೋಡಿ ಪ್ರಯೋಜನವಿಲ್ಲ, ಮಳೆ ಹೊಳವಾದ ಹತ್ತು ಹದಿನೈದು ನಿಮಿಷಗಳನ್ನೇ ಕಾದು ಹಿಡಿಯಬೇಕು.

ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ಆ ಇಪ್ಪತ್ತು ನಿಮಿಷ ಮೊಬೈಲು ಒಳಗಿರಲಿ, ಮಾತು ಪಿಸುಮಾತಿಗಿಂತ ಮೇಲೇರದಿರಲಿ. ಮೊದಲ ಎರಡು ವಾರ ಹತ್ತು ಸಾಮಾನ್ಯ ಹಕ್ಕಿಗಳನ್ನು ಬರಿಗಣ್ಣಿನಿಂದ, ಅವುಗಳ ಆಕಾರ ಮತ್ತು ನಡತೆಯಿಂದ ಗುರುತಿಸಲು ಕಲಿತರೆ ಮುಂದಿನದೆಲ್ಲ ಸುಲಭವಾಗುತ್ತದೆ. ನಮ್ಮ ಅಂಗಳದ ಮಟ್ಟಿಗೆ ಆ ಹತ್ತನ್ನು ಹೀಗೆ ಆರಿಸಬಹುದು: ತೆಂಗಿನ ಗರಿಯ ತುದಿಯಲ್ಲಿ ಕುಳಿತು ಹಾಡುವ ಕಪ್ಪುಬಿಳಿಯ ಮಡಿವಾಳ ಹಕ್ಕಿ, ತಲೆಯ ಮೇಲೆ ಜುಟ್ಟಿರುವ ಕೆಮ್ಮೀಸೆ ಪಿಕಳಾರ, ಬಾಳೆಯ ಹೂವಿಗೆ ತೂಗಿಬೀಳುವ ಸೂರಕ್ಕಿ, ಬೇಲಿಯೊಳಗೆ ಬಾಲ ನಿಮಿರಿಸಿ ಅರಚುವ ಪುಟ್ಟ ಸಿಂಪಿಗ, ಗುಂಪಾಗಿ ಬಂದು ತರಗೆಲೆ ಕೆದಕುವ ಹರಟೆಮಲ್ಲ, ಕಾಣುವುದಕ್ಕಿಂತ ಕೇಳುವುದೇ ಹೆಚ್ಚಾದ ಕುಟ್ರುಹಕ್ಕಿ, ಅಡಕೆ ಮರದ ಕಾಂಡವನ್ನು ಸುತ್ತಿ ಏರುವ ಹೊಂಬೆನ್ನಿನ ಮರಕುಟಿಗ, ನೆಲದಲ್ಲಿ ಗಂಭೀರವಾಗಿ ನಡೆಯುವ ಕೆಂಬೂತ, ಉದ್ದ ಬಾಲದ ಮಟಪಕ್ಷಿ, ಕೆರೆಯ ದಂಡೆಯ ಬಿಳಿಯೆದೆಯ ಮಿಂಚುಳ್ಳಿ. ಕೆಂಬೂತವನ್ನು ಕುಪ್ಪುಳು ಎಂದೇ ಕರೆಯುವ ಮನೆಗಳಲ್ಲಿ ಹಾಗೆಯೇ ಬರೆದುಕೊಳ್ಳಬಹುದು, ಪುಸ್ತಕದ ಹೆಸರು ನಿಧಾನವಾಗಿ ಬಂದೀತು. ಕಾಗೆ, ಗೊರವಂಕ, ಕೋಗಿಲೆಗಳನ್ನು ಈ ಪಟ್ಟಿಗೆ ಸೇರಿಸಿಲ್ಲವೆಂದರೆ ಅವು ಈಗಾಗಲೇ ಎಲ್ಲರಿಗೂ ಗೊತ್ತಿವೆ ಎಂದರ್ಥ. ಆದರೂ ಮೈತುಂಬ ಬಿಳಿ ಚುಕ್ಕೆಯಿರುವ ಕಂದು ಬಣ್ಣದ ಹೆಣ್ಣು ಕೋಗಿಲೆಯನ್ನು ಬೇರೆಯೇ ಹಕ್ಕಿಯೆಂದು ತಿಳಿದವರು ಬಹಳ ಮಂದಿ.

ಎರಡನೆಯ ಹಂತ: ಕೆಲಸ ಹಂಚಿಕೊಳ್ಳುವುದು

ಇಬ್ಬರೂ ಒಂದೇ ಮರವನ್ನು ನೋಡುತ್ತ ಕುಳಿತರೆ ಇಬ್ಬರಿದ್ದೂ ಒಬ್ಬರಿದ್ದಂತೆಯೇ. ಒಬ್ಬರು ಮರದ ಮೇಲ್ಭಾಗವನ್ನೂ ಆಕಾಶವನ್ನೂ, ಇನ್ನೊಬ್ಬರು ಪೊದೆಯನ್ನೂ ನೆಲವನ್ನೂ ನೋಡಿಕೊಳ್ಳಬೇಕು. ವಯಸ್ಸಾದಂತೆ ಕೆಲವರಿಗೆ ಸೂರಕ್ಕಿ, ಸಿಪಿಲೆಗಳ ತೆಳುವಾದ ಎತ್ತರದ ಸ್ವರ ಕೇಳಿಸುವುದು ಕಡಿಮೆಯಾಗುತ್ತದೆ. ಅಂಥವರು ಕಣ್ಣಿನ ಕೆಲಸವನ್ನು, ಕಿವಿ ಚುರುಕಾಗಿರುವವರು ಸದ್ದಿನ ದಿಕ್ಕು ಹೇಳುವ ಕೆಲಸವನ್ನು ವಹಿಸಿಕೊಳ್ಳುವುದು ಜಾಣತನ. ವಾರಕ್ಕೊಮ್ಮೆ ಈ ಪಾಲು ಅದಲುಬದಲಾಗಲಿ. ಇಲ್ಲದಿದ್ದರೆ ಬರೆಯುವ ಕೆಲಸ ಒಬ್ಬರಿಗೇ ಖಾಯಂ ಆಗುತ್ತದೆ, ಅದು ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಕ್ಕಿ ಇರುವ ಜಾಗವನ್ನು ಬೆರಳು ಚಾಚಿ ತೋರಿಸುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಕೈ ಮೇಲೆದ್ದ ಕೂಡಲೇ ಹಕ್ಕಿ ಹಾರುತ್ತದೆ. ಮರವನ್ನು ಗಡಿಯಾರದ ಮುಖವೆಂದು ಭಾವಿಸಿ, ಮರದ ತುದಿಯನ್ನು ಹನ್ನೆರಡೆಂದು ಇಟ್ಟುಕೊಂಡು, "ಹಲಸಿನ ಮರ, ಎರಡು ಗಂಟೆ, ಒಣಗಿದ ಗೆಲ್ಲು" ಎಂದು ಹೇಳುವ ಕ್ರಮ ಎಲ್ಲೆಡೆ ಬಳಕೆಯಲ್ಲಿದೆ. ಇದಕ್ಕಾಗಿ ಅಂಗಳದ ಮರಗಳಿಗೆಲ್ಲ ಇಬ್ಬರಿಗೂ ಗೊತ್ತಿರುವ ಒಂದೊಂದು ಹೆಸರಿರಬೇಕು. "ಆ ಮರ, ಅಲ್ಲಿ ಆಚೆಗೆ" ಎಂಬುದರಿಂದ ಯಾವ ಹಕ್ಕಿಯೂ ಸಿಕ್ಕಿದ್ದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಗುರುತು ಸಿಗದ ಹಕ್ಕಿ ಕಂಡಾಗ ಹೆಸರನ್ನು ಬಾಯಿಬಿಟ್ಟು ಹೇಳುವ ಮೊದಲು ಇಬ್ಬರೂ ತಾವು ಕಂಡದ್ದನ್ನು ಬೇರೆಬೇರೆಯಾಗಿ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು: ಗಾತ್ರ ಯಾವ ಪರಿಚಿತ ಹಕ್ಕಿಯಷ್ಟು, ಕೊಕ್ಕಿನ ಆಕಾರ ಹೇಗೆ, ಬಾಲದ ತುದಿ ಹೇಗೆ, ಏನು ಮಾಡುತ್ತಿತ್ತು. ಒಬ್ಬರು ಮೊದಲು ಹೆಸರು ಹೇಳಿಬಿಟ್ಟರೆ ಇನ್ನೊಬ್ಬರ ಕಣ್ಣು ಆ ಹೆಸರಿಗೆ ತಕ್ಕದ್ದನ್ನೇ ಹುಡುಕತೊಡಗುತ್ತದೆ. ಕಾಜಾಣಗಳ ವಿಷಯದಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಕಪ್ಪು ಮೈ, ಕವಲು ಬಾಲ ಎಂದಷ್ಟೇ ನೋಡಿದರೆ ಎಲ್ಲವೂ ಕಾಜಾಣವೇ. ಆದರೆ ಬಯಲಿನ ತಂತಿಯ ಮೇಲೆ ಕೂರುವ ಸಾಮಾನ್ಯ ಕಾಜಾಣದ ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆಯಿರುತ್ತದೆ. ಚಳಿಗಾಲಕ್ಕೆ ವಲಸೆ ಬರುವ ಬೂದು ಕಾಜಾಣಕ್ಕೆ ಆ ಚುಕ್ಕೆಯಿಲ್ಲ, ಕಣ್ಣು ಕೆಂಪು, ಎದೆಹೊಟ್ಟೆ ಬೂದಿ ಬಣ್ಣ. ತೋಟದ ನೆರಳಿನಲ್ಲಿ ಹುಳ ಹಿಡಿಯುವ ಚಿಕ್ಕ ಕಂಚು ಕಾಜಾಣದ ಮೈ ಬಿಸಿಲು ಬಿದ್ದಾಗ ಲೋಹದಂತೆ ಮಿನುಗುತ್ತದೆ. ಒಬ್ಬರು ಕಣ್ಣಿನ ಬಣ್ಣ, ಇನ್ನೊಬ್ಬರು ಕುಳಿತ ಜಾಗ ಬರೆದುಕೊಂಡಿದ್ದರೆ ಎರಡನ್ನೂ ಜೋಡಿಸಿ ಉತ್ತರಕ್ಕೆ ಬರಬಹುದು. ಟಿಪ್ಪಣಿಗಳು ಹೊಂದದಿದ್ದರೆ "ಕಾಜಾಣ, ಯಾವುದೆಂದು ತಿಳಿಯದು" ಎಂದು ಬರೆದು ಮುಂದುವರಿಯುವುದೇ ಸರಿ.

ಮೂರನೆಯ ಹಂತ: ಅಂಗಳವನ್ನು ಹಕ್ಕಿಗೆ ಒಪ್ಪುವಂತೆ ಇಟ್ಟುಕೊಳ್ಳುವುದು

ಕಾಳು ಎರಚುವುದರಿಂದ ಆರಂಭಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಅಕ್ಕಿ, ಕಾಳು ಚೆಲ್ಲಿದರೆ ಬರುವುದು ಬಹುಪಾಲು ಪಾರಿವಾಳ, ಕಾಗೆ ಮತ್ತು ಇಲಿ. ಗೋಳಿ, ಅತ್ತಿ, ಉಪ್ಪಳಿಗೆ, ನೇರಳೆಗಳಿರುವ ನಮ್ಮ ಊರುಗಳಲ್ಲಿ ಹಕ್ಕಿಗೆ ಆಹಾರದ ಬರವಿಲ್ಲ. ಫೆಬ್ರವರಿಯಿಂದ ಮೇ ತನಕ ಅದಕ್ಕೆ ನಿಜವಾಗಿ ಬೇಕಾಗುವುದು ನೀರು.

ಅಗಲವಾದ ಮಣ್ಣಿನ ತಟ್ಟೆಯೊಂದನ್ನು ನೆರಳಿನಲ್ಲಿ, ಮೊಣಕಾಲೆತ್ತರದ ಮುರಕಲ್ಲಿನ ಮೇಲೆ ಇಟ್ಟರೆ ಸಾಕು. ನೀರು ಎರಡು ಬೆರಳಿಗಿಂತ ಹೆಚ್ಚು ಆಳವಿರಬಾರದು. ಸಣ್ಣ ಹಕ್ಕಿಗಳಿಗೆ ಕಾಲೂರಲು ನಡುವೆ ಒಂದು ಒರಟು ಕಲ್ಲಿರಬೇಕು. ತಟ್ಟೆಯಿಂದ ಎರಡು ಮೀಟರ್ ದೂರದೊಳಗೆ ಬೆಕ್ಕು ಅಡಗಬಹುದಾದ ದಟ್ಟ ಪೊದೆ ಇರದಿರಲಿ, ಆದರೆ ಹಾರಿ ಕೂರಲು ಒಂದು ಗೆಲ್ಲು ಹತ್ತಿರವಿರಲಿ. ನೀರನ್ನು ದಿನವೂ ಚೆಲ್ಲಿ, ತಟ್ಟೆಯ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಬೇಕು. ಡೆಂಗ್ಯೂ ಹರಡುವ ಸೊಳ್ಳೆಯ ಮೊಟ್ಟೆ ನಿಂತ ನೀರಿನಲ್ಲಿ ಒಂದು ವಾರದ ಆಚೀಚೆ ಸೊಳ್ಳೆಯಾಗಿ ಹಾರುತ್ತದೆ ಎಂಬುದನ್ನು ಮರೆಯಬಾರದು. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ಹೊಂಡವಿರುವ ಮನೆಯವರಿಗೆ ಈ ತಟ್ಟೆಯೂ ಬೇಕಾಗಿಲ್ಲ. ಹೊಂಡದಿಂದ ಹೊರಹರಿಯುವ ತೆಳುನೀರಿನ ಕಡೆಗೆ ಮುಖಮಾಡಿ ಕುರ್ಚಿ ಹಾಕಿಕೊಂಡರಾಯಿತು.

ಹಕ್ಕಿಗಳು ಮೀಯುವುದನ್ನು ನೋಡಬೇಕಾದರೆ ಸಂಜೆಯ ಹೊತ್ತೇ ಒಳ್ಳೆಯದು. ಪಿಕಳಾರಗಳು ನೀರಿಗಿಳಿದು ರೆಕ್ಕೆ ಬಡಿಯುತ್ತವೆ. ಕಿತ್ತಳೆ ತಲೆಯ ನೆಲಸಿಳ್ಳಾರ ಒಂಟಿಯಾಗಿ ಬಂದು, ಬಹಳ ಹೊತ್ತು ಅಂಚಿನಲ್ಲಿ ನಿಂತು ಆಲಿಸಿ, ಆಮೇಲೆ ಇಳಿಯುತ್ತದೆ. ಚಳಿಗಾಲದಲ್ಲಿ ಬರುವ ರಾಜಹಕ್ಕಿಯ ಕ್ರಮ ಬೇರೆ: ಅದು ನೀರಿನಲ್ಲಿ ಕೂರುವುದಿಲ್ಲ. ಮೇಲಿನ ಗೆಲ್ಲಿನಿಂದ ನೇರವಾಗಿ ಕೆರೆಗೆ ಎರಗಿ, ಎದೆಯನ್ನು ನೀರಿಗೆ ತಾಗಿಸಿ, ಬೆಳ್ಳನೆಯ ಉದ್ದ ಬಾಲವನ್ನು ಎಳೆದುಕೊಂಡು ಹೊರಟ ಗೆಲ್ಲಿಗೇ ಮರಳುತ್ತದೆ. ಹೀಗೆ ನಾಲ್ಕಾರು ಬಾರಿ ಎರಗಿದ ಮೇಲೆ ಅಲ್ಲೇ ಕುಳಿತು ಒಂದೊಂದೇ ಗರಿಯನ್ನು ಕೊಕ್ಕಿನಿಂದ ಸರಿಪಡಿಸುತ್ತದೆ. ಕತ್ತಲಾಗುವ ಮುನ್ನ ಕೆರೆಯ ದಂಡೆಯಲ್ಲಿ ಇಬ್ಬರೂ ಅಲುಗಾಡದೆ ಕುಳಿತರೆ ಇದನ್ನು ಕೆಲವೇ ಮೀಟರ್ ದೂರದಿಂದ ನೋಡಬಹುದು.

ನೀರಿನ ನಂತರ ಬೇಕಾದುದು ಸ್ವಲ್ಪ ಅಚ್ಚುಕಟ್ಟಿಲ್ಲದಿರುವಿಕೆ. ತೋಟದ ಬುಡದ ತರಗೆಲೆಯನ್ನೆಲ್ಲ ಗುಡಿಸಿ ಸುಟ್ಟ ಮನೆಗೆ ನವರಂಗ ಬರುವುದಿಲ್ಲ. ಉತ್ತರದಲ್ಲಿ ಮರಿಮಾಡಿ ಅಕ್ಟೋಬರಿನ ಹೊತ್ತಿಗೆ ನಮ್ಮ ತೋಟಗಳಿಗೆ ಬರುವ ಈ ಹಕ್ಕಿ, ಕೊಕ್ಕೋ ಮತ್ತು ಅಡಕೆಯ ಕೆಳಗಿನ ತೇವದ ಎಲೆಗಳನ್ನು ಮಗುಚಿ ಹುಳ ಹೆಕ್ಕುತ್ತ ಏಪ್ರಿಲ್‌ವರೆಗೂ ಇದ್ದುಬಿಡುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಅದರ ಎರಡು ಸ್ವರದ ಸಿಳ್ಳು ಕೇಳಿಸುತ್ತದೆ, ಹಗಲಿನಲ್ಲಿ ಎದುರಿಗಿದ್ದರೂ ಕಾಣುವುದಿಲ್ಲ. ರಾತ್ರಿ ಹಾರಿಬಂದು ದಣಿದ ನವರಂಗ ಕೆಲವೊಮ್ಮೆ ಬೆಳಿಗ್ಗೆ ಅಂಗಳದಲ್ಲೋ ಜಗಲಿಯಲ್ಲೋ ಮುದುಡಿ ಕುಳಿತಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಯುತ್ತ ಕೂರದೆ, ಬಾಯಿಗೆ ನೀರು ಹನಿಸದೆ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಕತ್ತಲೆಯಾದ ಸದ್ದಿಲ್ಲದ ಕೋಣೆಯಲ್ಲಿ ಒಂದೆರಡು ಗಂಟೆ ಇಡಬೇಕು. ಚೇತರಿಸಿಕೊಂಡರೆ ತೋಟದ ನೆರಳಿನಲ್ಲಿ ಪೆಟ್ಟಿಗೆ ತೆರೆದರೆ ತಾನೇ ಹೋಗುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಡುಹಕ್ಕಿಯನ್ನು ಸಾಕಿಕೊಳ್ಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ, ಪಂಜರದ ಗಿಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾಗೆಯೇ ಮನೆಯ ಮೇಲೆ ಬೀಳುವ ಅಪಾಯವಿಲ್ಲದಿದ್ದರೆ ಸತ್ತ ತೆಂಗಿನ ಕಾಂಡವನ್ನು ಕಡಿಯದೆ ಬಿಡುವುದು ಒಳಿತು. ಮರಕುಟಿಗ ಅದರಲ್ಲಿ ಪೊಟರೆ ಕೊರೆಯುತ್ತದೆ, ಅದು ಬಿಟ್ಟುಹೋದ ಪೊಟರೆಗೆ ಮುಂದಿನ ವರ್ಷ ಗೊರವಂಕವೋ ಮಡಿವಾಳವೋ ಬಂದು ಸೇರುತ್ತದೆ. ಕುಟ್ರುಹಕ್ಕಿಗೆ ಹಾಲುವಾಣ, ನುಗ್ಗೆಗಳ ಮೆದು ಗೆಲ್ಲು ಸಾಕು. ಚಾವಡಿಯ ಮೂಲೆಯ ಜೇಡರ ಬಲೆಯನ್ನು ಹೊಡೆಯುವಾಗ ಒಂದಿಷ್ಟನ್ನು ಹೊರಗಿನ ಮಾಡಿನಡಿಯಲ್ಲಿ ಉಳಿಸಿದರೆ ಸೂರಕ್ಕಿ ತನ್ನ ತೂಗುಗೂಡನ್ನು ಹೆಣೆಯಲು ಒಯ್ಯುತ್ತದೆ. ಈ ವಿಷಯದಲ್ಲಿ ದಂಪತಿಗಳ ನಡುವೆ ಭಿನ್ನಾಭಿಪ್ರಾಯ ಬರುವುದು ಸಹಜ, ಮಾಡಿನಡಿ ಎಂಬುದು ರಾಜಿಯ ಜಾಗ. ಕೇಪಳ, ದಾಸವಾಳ, ಬಾಳೆ ಇದ್ದರೆ ಸೂರಕ್ಕಿಗೆ ಬೇರೇನೂ ನೆಡಬೇಕಾಗಿಲ್ಲ. ಪಪ್ಪಾಯಿ ಮರದ ತುದಿಯ ಕೊನೆಯ ಹಣ್ಣನ್ನು ಕೋಲು ಹಾಕಿ ಕೆಡಹುವ ಶ್ರಮ ಬೇಡ.

ಕಾರಿನ ಕನ್ನಡಿಗೆ ಮಡಿವಾಳ ಹಕ್ಕಿ ಮತ್ತೆ ಮತ್ತೆ ಕುಕ್ಕುವುದು ಎಲ್ಲರೂ ಕಂಡ ಸಂಗತಿ. ಅಲ್ಲಿ ಕಾಣುವ ತನ್ನ ಬಿಂಬವನ್ನು ಅದು ಎದುರಾಳಿಯೆಂದು ತಿಳಿಯುತ್ತದೆ, ಕನ್ನಡಿಗೆ ಬಟ್ಟೆಯ ಚೀಲ ಕಟ್ಟಿದರೆ ಜಗಳ ನಿಲ್ಲುತ್ತದೆ. ದೊಡ್ಡ ಗಾಜಿನ ಕಿಟಕಿಗಳಿರುವ ಹೊಸ ಮನೆಗಳಲ್ಲಿ ಗಾಜಿನ ಹೊರಮೈಗೆ ಐದು ಸೆಂಟಿಮೀಟರಿಗೊಂದರಂತೆ ಚುಕ್ಕೆ ಅಂಟಿಸುವುದು ಒಳ್ಳೆಯದು. ನಡುವೆ ಒಂದೇ ಹದ್ದಿನ ಚಿತ್ರ ಅಂಟಿಸಿ ಏನೂ ಉಪಯೋಗವಾಗುವುದಿಲ್ಲ.

ಔಷಧ ಸಿಂಪಡಣೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ಇದು. ಎಣ್ಮಕಜೆಯ ಸ್ವರ್ಗ, ಪಡ್ರೆ ಎಂಬ ಊರುಗಳ ಜನರಿಗೆ ಅದರ ಪರಿಣಾಮವನ್ನು ಬೇರೆಯವರು ತಿಳಿಸಿ ಹೇಳಬೇಕಾಗಿಲ್ಲ. ಅಡಕೆಗೆ ಬೋರ್ಡೋ ದ್ರಾವಣ ಬಿಡುವ ದಿನಗಳಲ್ಲಿ ನೀರಿನ ತಟ್ಟೆಯನ್ನು ಕವುಚಿಡಬೇಕು, ಅಷ್ಟನ್ನು ನೆನಪಿಡಿ.

ನಾಲ್ಕನೆಯ ಹಂತ: ಬೈನಾಕ್ಯುಲರ್

ಅಂಗಳದ ಹಕ್ಕಿಗಳು ಪರಿಚಯವಾದ ಮೇಲೆ ಬೈನಾಕ್ಯುಲರ್ ಕೊಳ್ಳಬಹುದು. 8x42 ಎಂದು ಬರೆದಿರುವುದು ಮೊದಲಿಗರಿಗೆ ಸೂಕ್ತ: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಮಸೂರದ ವ್ಯಾಸ 42 ಮಿಲಿಮೀಟರ್. ಮಸೂರ ದೊಡ್ಡದಾದಷ್ಟೂ ತೋಟದ ಮಬ್ಬು ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ. ಹತ್ತು, ಹನ್ನೆರಡು ಪಟ್ಟಿನದು ಹೆಚ್ಚು ಒಳ್ಳೆಯದೆಂದು ಅಂಗಡಿಯವರು ಹೇಳಬಹುದು, ಆದರೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಾಗಿ ಕಾಣುತ್ತದೆ. ಒಂದೇ ಬೈನಾಕ್ಯುಲರನ್ನು ಇಬ್ಬರೂ ಹಂಚಿಕೊಂಡರೆ ಪ್ರತಿ ಸಲ ಕಣ್ಣುಗಳ ನಡುವಣ ಅಂತರವನ್ನೂ ಬಲಗಣ್ಣಿನ ಉಂಗುರವನ್ನೂ ಸರಿಪಡಿಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಒಂದು ದುಬಾರಿಯದಕ್ಕಿಂತ ಸಾಧಾರಣ ಬೆಲೆಯ ಎರಡು ಕೊಳ್ಳುವುದು ದಾಂಪತ್ಯಕ್ಕೂ ಹಿತ.

ಹೊಂದಿಸುವ ಕ್ರಮ ಹೀಗೆ. ಬಲಗಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರವೊಂದು ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರವನ್ನು ತಿರುಗಿಸಬೇಕು. ನಂತರ ಎಡಗಣ್ಣು ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟಮಾಡಿಕೊಳ್ಳಬೇಕು. ಆ ಉಂಗುರ ನಿಂತ ಗುರುತನ್ನು ನೆನಪಿಟ್ಟುಕೊಂಡರೆ ಮುಂದೆ ನಡುವಿನ ಚಕ್ರವೊಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿಗೊತ್ತುವ ರಬ್ಬರಿನ ಬಟ್ಟಲನ್ನು ಕೆಳಗಿಳಿಸಿ ನೋಡಬೇಕು. ಹಕ್ಕಿಯಿಂದ ಕಣ್ಣು ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತರುವುದನ್ನು ತೆಂಗಿನಕಾಯಿಯ ಮೇಲೆ ಅಭ್ಯಾಸ ಮಾಡಬಹುದು, ಅದು ಹಾರಿಹೋಗುವುದಿಲ್ಲ. ಮಳೆಗಾಲದಲ್ಲಿ ಇದನ್ನು ಕಪಾಟಿನಲ್ಲಿಟ್ಟರೆ ಮಸೂರಕ್ಕೆ ಬೂಸು ಹಿಡಿಯುವುದು ಖಂಡಿತ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಡಬೇಕು.

ಐದನೆಯ ಹಂತ: ಮನೆಯಿಂದ ಹೊರಗೆ

ಹೊರಗೆ ಹೋಗುವುದೆಂದರೆ ಮೊದಲ ದಿನವೇ ಘಟ್ಟ ಹತ್ತಬೇಕೆಂದಿಲ್ಲ. ಮನೆಯಿಂದ ನಡೆದು ಹೋಗಬಹುದಾದ ಗದ್ದೆಬಯಲು, ತೋಡು (ಸಣ್ಣ ಹಳ್ಳ), ಮದಕ (ನೀರು ನಿಲ್ಲುವ ಕೆರೆ) ಇವುಗಳಿಂದ ಆರಂಭಿಸಿರಿ. ಡಿಸೆಂಬರಿನಿಂದ ತೋಡುಗಳಿಗೆ ಕಟ್ಟ ಹಾಕಿ ನೀರು ನಿಲ್ಲಿಸುವ ಊರುಗಳಲ್ಲಿ, ಕಟ್ಟದ ಮೇಲ್ಬದಿಯ ನಿಂತ ನೀರಿನಲ್ಲಿ ಮಿಂಚುಳ್ಳಿ ಮತ್ತು ನೀರುಕಾಗೆ, ಕೆಳಬದಿಯ ಒದ್ದೆ ಕಲ್ಲುಗಳ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ಅಂಚಿನ ಪೊದೆಯಲ್ಲಿ ಹುಂಡುಕೋಳಿ, ಇವಿಷ್ಟು ಒಂದೇ ಕಡೆ ಸಿಗುತ್ತವೆ.

ಮುರಕಲ್ಲಿನ ಪದವುಗಳನ್ನು ಬರಡು ನೆಲವೆಂದು ಎಣಿಸಿ ದಾಟಿಹೋಗುವವರೇ ಹೆಚ್ಚು. ನನ್ನ ಮಟ್ಟಿಗೆ ಜಿಲ್ಲೆಯ ಅತ್ಯುತ್ತಮ ಹಕ್ಕಿ ನೆಲೆಗಳಲ್ಲಿ ಅವೂ ಸೇರಿವೆ. ಕುಂಬಳೆ ಪಂಚಾಯತಿನ ಕಿದೂರು ಈಗ ಹಕ್ಕಿ ನೋಡುವವರ ನಡುವೆ ಹೆಸರಾಗಿದೆ. ಪೊಸಡಿಗುಂಪೆಯ ಇಳಿಜಾರಿನಲ್ಲೂ ಮುಂಜಾನೆ ನಡೆಯಬಹುದು. ಮಳೆ ಮುಗಿದ ಹೊಸತರಲ್ಲಿ ಹುಲ್ಲಿನ ನಡುವೆ ನೆಲಗುಬ್ಬಿ, ಸಂಜೆಗೆ ನತ್ತಿಂಗ, ಬೇಸಗೆಯಲ್ಲಿ ಹಳದಿ ಟಿಟ್ಟಿಭ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರಿನೆಲದ ಕಲ್ಲುಹರಳುಗಳ ನಡುವೆ, ಹರಳಿನದೇ ಬಣ್ಣದ ನಾಲ್ಕು ಮೊಟ್ಟೆಯಿಡುತ್ತದೆ, ಬಿಸಿಲು ಏರಿದಾಗ ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುತ್ತದೆ. ಮಾರ್ಚಿಯಿಂದ ಮೇ ತನಕ ಪದವಿನಲ್ಲಿ ಹಕ್ಕಿಯೊಂದು ನಿಮ್ಮ ಸುತ್ತ ಕೂಗುತ್ತ ಹಾರತೊಡಗಿದರೆ ಇಬ್ಬರೂ ನಿಂತಲ್ಲೇ ನಿಂತು, ಕಾಲಬುಡ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ಕೈಬಿಟ್ಟ ಕಲ್ಲುಕೋರೆಗಳಲ್ಲಿ ನಿಂತ ನೀರಿಗೂ ಹಕ್ಕಿಗಳು ಬರುತ್ತವೆ, ಆದರೆ ಅಂಚು ನೇರವಾಗಿ ಕಡಿದಿರುತ್ತದೆ, ಆಳ ತಿಳಿಯುವುದಿಲ್ಲ. ಕಣ್ಣಿಗೆ ಬೈನಾಕ್ಯುಲರ್ ಒತ್ತಿಕೊಂಡು ಅಲ್ಲಿ ಹೆಜ್ಜೆ ಹಾಕುವುದು ಯಾರಿಗೂ ತಕ್ಕುದಲ್ಲ. ಒಬ್ಬರು ನೋಡುವಾಗ ಇನ್ನೊಬ್ಬರು ನೆಲದ ಮೇಲೆ ಕಣ್ಣಿಟ್ಟಿರಬೇಕು.

ಅಳಿವೆಗೆ ಹೋಗುವಾಗ ಸೂರ್ಯನಿಗಿಂತ ಭರತ ಇಳಿತಗಳನ್ನು ಅನುಸರಿಸಬೇಕು. ನೀರು ಇಳಿದು ಕೆಸರು ಕಾಣತೊಡಗಿದಾಗ ಗೊರವಗಳು ಮೇಯಲು ಹರಡಿಕೊಳ್ಳುತ್ತವೆ. ಭರತದ ಹೊತ್ತಿನಲ್ಲಿ ಅವು ಮರಳದಿಬ್ಬದಲ್ಲಿ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಈ ಭಾನುವಾರ ಸರಿಯಾಗಿದ್ದ ಹೊತ್ತು ಮುಂದಿನ ಭಾನುವಾರಕ್ಕೆ ಹೊಂದುವುದಿಲ್ಲ. ದಡದ ಮೀನುಗಾರರನ್ನು ಕೇಳಿದರೆ ನಿಖರವಾಗಿ ಹೇಳುತ್ತಾರೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಶಿರಿಯ, ಮೊಗ್ರಾಲು, ಚಂದ್ರಗಿರಿ ಅಳಿವೆಗಳಲ್ಲಿ ವಲಸೆ ಬಂದ ಮರಳು ಗೊರವ, ಕಡಲಕ್ಕಿ, ರೀವಗಳನ್ನು ಹುಡುಕಬಹುದು. ಇವುಗಳನ್ನು ಜಾತಿ ಜಾತಿಯಾಗಿ ಬೇರ್ಪಡಿಸುವುದು ಮೊದಲ ವರ್ಷದ ಕೆಲಸವಲ್ಲ. ಕಾಲಿನ ಬಣ್ಣ, ಕೊಕ್ಕಿನ ಉದ್ದ ಬರೆದುಕೊಂಡು ಎಣಿಸಿದರೆ ಸಾಕು.

ಕರಾವಳಿಯಲ್ಲಿ ತಪ್ಪದೆ ನೋಡಬೇಕಾದುದು ಬಿಳಿಹೊಟ್ಟೆಯ ಕಡಲಹದ್ದು. ಕಾಸರಗೋಡು ತನ್ನದೇ ಹಕ್ಕಿ, ಮರ, ಹೂ, ಪ್ರಾಣಿಗಳನ್ನು ಅಧಿಕೃತವಾಗಿ ಘೋಷಿಸಿಕೊಂಡ ಜಿಲ್ಲೆ. ಮರವೆಂದು ಕಾಸರಕವನ್ನೂ ಹಕ್ಕಿಯೆಂದು ಈ ಕಡಲಹದ್ದನ್ನೂ ಆರಿಸಲಾಗಿದೆ. ದಡದ ಹತ್ತಿರದ ಎತ್ತರದ ಮರಗಳಲ್ಲಿ ಕಡ್ಡಿಗಳ ದೊಡ್ಡ ಅಟ್ಟಣೆ ಕಟ್ಟಿ, ಅದನ್ನೇ ವರ್ಷ ವರ್ಷವೂ ದುರಸ್ತಿ ಮಾಡಿಕೊಂಡು ಮರಿಮಾಡುತ್ತದೆ. ಆ ಒಂದು ಮರ ಉರುಳಿದರೆ ಹಲವು ವರ್ಷಗಳ ಗೂಡು ಹೋದಂತೆ. ಹಾರುವಾಗ ಇದನ್ನು ಗುರುತಿಸುವುದು ಕಷ್ಟವಲ್ಲ. ಕೆಳಗಿನಿಂದ ನೋಡಿದರೆ ಹೊಟ್ಟೆ ಅಚ್ಚಬಿಳಿ, ರೆಕ್ಕೆಯ ಹಿಂಬದಿ ಕಪ್ಪು, ಬಾಲ ಚಿಕ್ಕದು ಮತ್ತು ಬೆಣೆಯಾಕಾರ. ತೇಲುವಾಗ ರೆಕ್ಕೆಗಳು ಮೇಲೆತ್ತಿ ನಿಲ್ಲುತ್ತವೆ. ಅದೇ ದಡದಲ್ಲಿ ಸುತ್ತುವ ಗರುಡನ ಮೈ ಇಟ್ಟಿಗೆಗೆಂಪು, ತಲೆಯೆದೆ ಮಾತ್ರ ಬಿಳಿ. ತೊಡಕು ಬರುವುದು ಮರಿಗಳಲ್ಲಿ: ಗರುಡನ ಮರಿ ಕಂದು ಬಣ್ಣದ್ದಾಗಿ ಸಾಮಾನ್ಯ ಹದ್ದಿನಂತೆಯೇ ಕಾಣುತ್ತದೆ. ಆಗ ಬಾಲ ನೋಡಬೇಕು, ಹದ್ದಿನ ಬಾಲದ ತುದಿಯಲ್ಲಿ ಸೀಳು, ಗರುಡನದು ದುಂಡು. ಒಬ್ಬರು ಬಾಲವನ್ನೂ ಇನ್ನೊಬ್ಬರು ರೆಕ್ಕೆಯ ಅಡಿಯನ್ನೂ ನೋಡುವುದೆಂದು ಮೊದಲೇ ಮಾತಾಡಿಕೊಂಡಿರಬೇಕು, ಏಕೆಂದರೆ ಹದ್ದು ಎರಡನೆಯ ಸುತ್ತು ಹಾಕುತ್ತದೆಂಬ ಖಾತ್ರಿಯಿಲ್ಲ.

ಕಾಡಿಗೆ ಹೋಗಬಯಸುವವರಿಗೆ ಪಾಣತ್ತೂರು ದಾರಿಯ ರಾಣಿಪುರಂ ಇದೆ. ಅರಣ್ಯ ಇಲಾಖೆಯ ಟಿಕೆಟು ಪಡೆದು ಹತ್ತಬೇಕು, ಮಳೆಗಾಲದಲ್ಲಾದರೆ ರಕ್ತ ಹೀರುವ ಉಂಬಳಗಳಿಗೆ ಸಿದ್ಧರಾಗಿರಬೇಕು. ಕಾಡಿನಲ್ಲಿ ಅರ್ಧ ಗಂಟೆ ಏನೂ ಕಾಣದೆ, ಆಮೇಲೆ ಒಮ್ಮೆಗೇ ಕಾಜಾಣ, ಚಿತ್ರಪಕ್ಷಿ, ಮರಕುಟಿಗ, ಉಲಿಯಕ್ಕಿಗಳೆಲ್ಲ ಕೂಡಿದ ಬೇಟೆಯ ತಂಡವೊಂದು ಹಾದುಹೋಗುವುದುಂಟು. ಆ ಐದು ನಿಮಿಷ ಯಾರೂ ಬರೆಯಬಾರದು, ಒಬ್ಬರು ಮೇಲೆ, ಒಬ್ಬರು ಕೆಳಗೆ ನೋಡುತ್ತಿರಬೇಕು.

ಎಲ್ಲಿಗೇ ಹೋದರೂ ಎದುರಾದವರಿಗೆ ತುಳುವಿನಲ್ಲೋ ಮಲಯಾಳದಲ್ಲೋ ಕನ್ನಡದಲ್ಲೋ ಬಂದ ಕೆಲಸವನ್ನು ಮೊದಲೇ ಹೇಳಿಬಿಡುವುದು ಲೇಸು. ಕ್ಯಾಮೆರಾ, ದುರ್ಬೀನು ಹಿಡಿದ ಅಪರಿಚಿತರು ಮನೆಗಳ ಕಡೆ ನೋಡುತ್ತಿದ್ದರೆ ಯಾರಿಗಾದರೂ ಸಂಶಯ ಬರುತ್ತದೆ. ಮಾತಾಡಿಸಿದರೆ ಲಾಭವೂ ಇದೆ: ಎಲ್ಲಿ ಗೂಬೆ ಕೂರುತ್ತದೆ, ಯಾವ ಗೋಳಿಮರ ಹಣ್ಣಾಗಿದೆ ಎಂಬುದು ಅಡಕೆ ಕೊಯ್ಯುವವರಿಗೂ ಶೇಂದಿ ಇಳಿಸುವವರಿಗೂ ಚೆನ್ನಾಗಿ ಗೊತ್ತಿರುತ್ತದೆ. ನಾಗಬನ, ಕಾವುಗಳ ಒಳಗೆ ಕಾಲಿಡದೆ ಹೊರಗಿನಿಂದಲೇ ನೋಡಬೇಕು.

ಆರನೆಯ ಹಂತ: ಮೊಬೈಲು, ದಾಖಲೆ

ಹಕ್ಕಿಯ ಕೂಗನ್ನು ಕೇಳಿ ಹೆಸರು ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಈಗ ಬಹಳ ಮಂದಿಯ ಕೈಯಲ್ಲಿದೆ. ಎಲ್ಲಿ ನೋಡಬೇಕೆಂದು ತಿಳಿಯಲು ಅದು ಉಪಯುಕ್ತ, ಅದರ ಮಾತನ್ನೇ ಪಟ್ಟಿಗೆ ಸೇರಿಸಬಾರದು. ನಮ್ಮ ತೋಟಗಳ ಭೀಮರಾಜ, ಎರಡು ಎಳೆಬಾಲದ ಆ ದೊಡ್ಡ ಕಾಜಾಣ, ಹಾವು ಹಿಡಿಯುವ ಹದ್ದಾದ ಪನ್ನಗಾರಿಯ ಕೂಗನ್ನೂ ಇತರ ಹಕ್ಕಿಗಳ ಸ್ವರವನ್ನೂ ಅನುಕರಿಸುವುದರಲ್ಲಿ ಪಳಗಿದೆ. ಯಂತ್ರ ಏಮಾರುವುದು ಅಲ್ಲಿ. ಕೂಗನ್ನು ಮೊಬೈಲಿನಲ್ಲಿ ಗಟ್ಟಿಯಾಗಿ ನುಡಿಸಿ ಹಕ್ಕಿಯನ್ನು ಕರೆಯುವುದು, ಅದರಲ್ಲೂ ಗೂಡಿನ ಕಾಲದಲ್ಲಿ, ಸರಿಯಲ್ಲ. ಗೂಡಿನ ಫೋಟೋವನ್ನು ಜಾಗದ ಹೆಸರಿನೊಂದಿಗೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೂ ಹಾಗೆಯೇ.

ಪುಸ್ತಕದಲ್ಲಿ ಪ್ರತಿ ದಿನದ ಬರಹಕ್ಕೆ ಜಾಗ, ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ಸಮಯ, ಮೋಡವೋ ಬಿಸಿಲೋ, ಆಮೇಲೆ ಹಕ್ಕಿಯ ಹೆಸರು ಮತ್ತು ಸಂಖ್ಯೆ ಇರಲಿ. "ಪಿಕಳಾರ, ತುಂಬ" ಎಂದು ಬರೆಯುವುದಕ್ಕಿಂತ "ಕೆಮ್ಮೀಸೆ ಪಿಕಳಾರ 6, ಉಪ್ಪಳಿಗೆ ಹಣ್ಣು ತಿನ್ನುತ್ತಿದ್ದವು" ಎಂಬ ಸಾಲು ಮುಂದಿನ ವರ್ಷ ಅದೇ ತಿಂಗಳಲ್ಲಿ ಓದುವಾಗ ಉಪಯೋಗಕ್ಕೆ ಬರುತ್ತದೆ. ಇಬ್ಬರಿಗೂ ಒಪ್ಪಿಗೆಯಾದ ಹಕ್ಕಿಯ ಹೆಸರು ಮಾತ್ರ ಮುಖ್ಯ ಪಟ್ಟಿಗೆ ಹೋಗಬೇಕು. ಒಬ್ಬರೇ ಕಂಡದ್ದಾದರೆ ಪಕ್ಕದಲ್ಲಿ ಅವರ ಹೆಸರಿನ ಮೊದಲಕ್ಷರ ಬರೆಯಬೇಕು.

ಈ ಪಟ್ಟಿಗಳನ್ನು, ಹಕ್ಕಿ ನೋಡುವವರ ಪಟ್ಟಿಗಳನ್ನು ಕೂಡಿಡುವ ಇಬರ್ಡ್ (eBird) ಎಂಬ ಅಂತರ್ಜಾಲ ತಾಣಕ್ಕೂ ಸೇರಿಸಬಹುದು. ಅಲ್ಲಿ ಕಂಡ ಎಲ್ಲ ಜಾತಿಗಳನ್ನೂ, ಕಾಗೆಯನ್ನೂ ಬಿಡದೆ, ನಮೂದಿಸಿದ ಪಟ್ಟಿಗೆ ಹೆಚ್ಚು ಬೆಲೆ. 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಭೂಪಟದ ಸಮೀಕ್ಷೆ ಇಂಥ ಪಟ್ಟಿಗಳಿಂದಲೇ ಆದದ್ದು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು, ಹವ್ಯಾಸಿಗಳೇ ಬಹುಪಾಲು, ರಾಜ್ಯದ ಉದ್ದಗಲಕ್ಕೂ ಬೇಸಗೆ ಮತ್ತು ಮಳೆಗಾಲಗಳಲ್ಲಿ ನಡೆದು ಇಪ್ಪತ್ತೈದು ಸಾವಿರದಷ್ಟು ಪಟ್ಟಿಗಳನ್ನು ಕೂಡಿಸಿದರು. ಹೊಸಬರಿಗೆ ಸೇರಲು ಸುಲಭವಾದುದು ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಭಾರತದಲ್ಲಿ 2013ರಿಂದ ಇದು ನಡೆಯುತ್ತಿದೆ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನೋಡಿ ಎಣಿಸಿದರೆ ಒಂದು ಪಟ್ಟಿಯಾಗುತ್ತದೆ. ಇಬ್ಬರೂ ಜೊತೆಯಲ್ಲೇ ಕುಳಿತು ನೋಡಿದ್ದಾದರೆ ಒಬ್ಬರು ಪಟ್ಟಿ ತುಂಬಿ ಇನ್ನೊಬ್ಬರ ಖಾತೆಗೆ ಹಂಚಿದರೆ ಸಾಕು. ಬೇರೆಬೇರೆಯಾಗಿ ಸೇರಿಸಿದರೆ ಒಂದೇ ಹಕ್ಕಿ ಎರಡು ಬಾರಿ ಲೆಕ್ಕವಾಗುತ್ತದೆ. ಒಬ್ಬರು ಜಗಲಿಯಲ್ಲೂ ಇನ್ನೊಬ್ಬರು ತೋಟದ ಕೆರೆಯಲ್ಲೂ ಕುಳಿತಿದ್ದರೆ ಮಾತ್ರ ಎರಡು ಪಟ್ಟಿ ಮಾಡಬಹುದು, ಮತ್ತು ಆ ದಿನಗಳಲ್ಲಿ ಹಾಗೆ ಮಾಡುವುದೇ ಒಳ್ಳೆಯದು.